ಬಿಡಾರಕ್ಕೊಂದು ಊರು

ಮರುಳಸಿದ್ದಯ್ಯ ಸಮುದ್ರ ನೋಡಿರಲಿಲ್ಲ. ಇದು ತಿಪಟೂರಿನಲ್ಲಿ ಅವನೊಬ್ಬನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ನೋಡದೆ ಇರುವುದು ಅಪರಾಧವೇನಲ್ಲ. ಆ ಊರಿನ ಎಷ್ಟೋ ಜನ ಅರಸೀಕೆರೆಯಿಂದ ಆಚೆಗೆ ಹೋದವರಲ್ಲ, ಹೋಗದೆಯೇ ತೆಂಗಿನ ಮರದ ಕೆಳಗೆ ನೆಮ್ಮದಿಯಾಗಿ ಬದುಕಿ ನೆಮ್ಮದಿಯಾಗಿ ಸತ್ತಿದ್ದಾರೆ. ಆದರೆ ಅವನು ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಭೂಗೋಳ ಹೇಳುತ್ತಿದ್ದವನು. ಪ್ರತಿ ವರ್ಷ ಕರಾವಳಿಯ ಪಾಠ ಬಂದಾಗ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, 'ಪುಸ್ತಕದಲ್ಲಿರೋದು ಇರಲಿ, ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ ಕೇಳ್ರೋ' ಎಂದು ಶುರು ಮಾಡುತ್ತಿದ್ದ. ಕಾರವಾರದ ದಂಡೆಯಲ್ಲಿ ಆನೆಯ ಬೆನ್ನಿನಂಥ ಕರಿಬಂಡೆ, ಅದರ ನೆತ್ತಿಯ ಮೇಲೆ ಹಿಂದಿನ ಕಾಲದವರು ದೋಣಿ ಕಟ್ಟಲು ಹೊಡೆದ ಕಬ್ಬಿಣದ ಬಳೆ, ಆ ಬಳೆಯನ್ನು ಹಿಡಿದುಕೊಂಡು ಸಂಜೆಯತನಕ ಕೂತಿದ್ದ ತಾನು. ಅಲೆಯೊಂದು ಬಂದು ಎಡಗಾಲಿನ ಚಪ್ಪಲಿ ಎಳೆದುಕೊಂಡು ಹೋದದ್ದು ಮೂರನೆಯ ವರ್ಷ ಸೇರಿತು. ಏಳನೆಯ ವರ್ಷ ಮುದುಕ ಬೆಸ್ತನೊಬ್ಬ ಬಂದು, ಸಮುದ್ರವೇ ಅದನ್ನು ನಾಳೆ ವಾಪಸ್ಸು ತಂದುಕೊಡುತ್ತದೆ ಎಂದ. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ನಿಜವಾಗಿ ನೋಡಿದವನು ಇಷ್ಟು ಚೆನ್ನಾಗಿ ಹೇಳುವುದು ಕಷ್ಟ.

ಸುಳ್ಳು ಹುಟ್ಟಿದ್ದು ಹಾಲ್ಕುರಿಕೆಯಲ್ಲಿ, ಹೆಣ್ಣು ನೋಡಲು ಹೋದ ದಿನ. ಉಪ್ಪಿಟ್ಟು ತಿಂದು ಮುಗಿದಿತ್ತು. ಹಿರಿಯರೆಲ್ಲ ತೋಟದ ಹೊಸ ಬಾವಿ ನೋಡುವ ನೆಪ ಮಾಡಿಕೊಂಡು ಬೇಕೆಂದೇ ಎದ್ದು ಹೋದರು. ನಡುಮನೆಯಲ್ಲಿ ಅವನು, ಆ ಹುಡುಗಿ, ಅಟ್ಟದ ಮೇಲೆ ಕೊಬ್ಬರಿಯಾಗಲು ಬಿಟ್ಟ ಸಾವಿರಾರು ಕಾಯಿ. ಹುಡುಗಿ ನೆಲ ನೋಡುತ್ತಲೇ ಕೇಳಿದಳು, 'ನೀವು ಭೂಗೋಳದ ಮೇಷ್ಟ್ರಂತೆ. ಸಮುದ್ರ ನೋಡಿದೀರಾ?' ಬೇರೆ ಯಾವ ಹುಡುಗಿಯೂ ಇಂಥದನ್ನು ಕೇಳುತ್ತಿರಲಿಲ್ಲ. ಅದಕ್ಕಿಂತ ಮೊದಲು ನೋಡಿದ ತುರುವೇಕೆರೆಯ ಹುಡುಗಿ, ಕೆಲಸ ಪರ್ಮನೆಂಟಾ ಎಂದಷ್ಟೇ ಕೇಳಿದ್ದಳು. ಅವನು 'ಹ್ಞೂ, ಕಾರವಾರದಲ್ಲಿ' ಎಂದ. ಆಗ ಅವಳು ಮೊದಲ ಬಾರಿಗೆ ತಲೆ ಎತ್ತಿದಳು. ಯಾರೂ ಯಾವತ್ತೂ ಅವನನ್ನು ಹಾಗೆ ನೋಡಿರಲಿಲ್ಲ. ಆ ನೋಟ ಇನ್ನೂ ಅರ್ಧ ನಿಮಿಷ ಇರಲಿ ಎಂದು ಅವನು ಬಂಡೆಯನ್ನೂ ಬಳೆಯನ್ನೂ ಸೇರಿಸಿದ. ಹಾಗೆ ದ್ರಾಕ್ಷಾಯಣಮ್ಮ ಅವನ ಹೆಂಡತಿಯಾದಳು. ಬಂಡೆಯಿಲ್ಲದಿದ್ದರೂ ಆಗುತ್ತಿದ್ದಳೇನೋ, ಅದನ್ನು ಈಗ ಯಾರನ್ನು ಕೇಳುವುದು?

ಎರಡು ಸಾವಿರನೇ ಇಸವಿಯ ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಅವನು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಕನ್ನಡಿಯಲ್ಲಿ ಹಿಂದಿನ ಗೋಡೆ ಕಾಣುತ್ತಿತ್ತು, ಗೋಡೆಯ ಮೇಲೆ ಸ್ಕೂಲಿನಿಂದ ಸುತ್ತಿಕೊಂಡು ತಂದಿದ್ದ ಕರ್ನಾಟಕದ ನಕ್ಷೆ, ನಕ್ಷೆಯಲ್ಲಿ ಎಡಗಡೆ ಇರಬೇಕಾದ ಸಮುದ್ರ ಬಲಗಡೆ. ಸಮುದ್ರದ ಅಂಚಿನಲ್ಲಿ ಏನೋ ಕೆಂಪಗೆ ಅಂಟಿಕೊಂಡಿತ್ತು. ತಿರುಗಿ ಹತ್ತಿರ ಹೋಗಿ ನೋಡಿದ. ದ್ರಾಕ್ಷಾಯಣಮ್ಮನ ಹಣೆಯ ಟಿಕ್ಲಿ. ಅಂಕೋಲದ ಮೇಲೆ ಸರಿಯಾಗಿ ಕೂತಿತ್ತು. ಅವನಿಗೆ ಗಲ್ಲ ಕುಯ್ದಷ್ಟೇ ಉರಿಯಾಯಿತು, ಇನ್ನೂ ರೇಜರು ಇಟ್ಟಿರಲಿಲ್ಲ.

'ಸ್ಕೂಲಿನ ನಕ್ಷೆ ಕಣೇ ಅದು, ಗಲೀಜು ಮಾಡಿದೀಯಲ್ಲ' ಎಂದ.

ಅಡುಗೆಮನೆಯಿಂದ ದ್ರಾಕ್ಷಾಯಣಮ್ಮ, 'ಕಿತ್ರೆ ಬರುತ್ತೆ ಬುಡಿ, ಟಿಕ್ಲಿ ತಾನೆ' ಎಂದಳು. 'ನಾನೂ ಸಿಂಧೂನೂ ಲೆಕ್ಕ ಹಾಕಿದೀವಿ ಕಣ್ರೀ. ಅಂಕೋಲದಲ್ಲಿ ಬಿಡಾರ ಮಾಡಿದ್ರೆ ಒಂದಿನ ಗೋಕರ್ಣ, ಒಂದಿನ ಕುಮಟ ಹೊನ್ನಾವರ, ಒಂದಿನ ಕಾರವಾರ. ಕಾರವಾರಕ್ಕೆ ಒಂದು ಗಂಟೆ ದಾರಿ ಅಷ್ಟೇ. ಬೆಳಿಗ್ಗೆ ಹೋದ್ರೆ ನಿಮ್ಮ ಬಂಡೆ ಮೇಲೆ ಕೂತು ಬುತ್ತಿ ಉಂಡ್ಕೊಂಡು ಬರಬಹುದು.'

ನಿಮ್ಮ ಬಂಡೆ. ಹಾಲ್ಕುರಿಕೆಯ ತೋಟದಲ್ಲಿ ತಮ್ಮನಿಗೆ ಹೋದ ಪಾಲಿನ ಬಗ್ಗೆಯೂ ಅವಳು ಇಷ್ಟು ಹಕ್ಕಿನಿಂದ ಮಾತಾಡಿದವಳಲ್ಲ. ಅವನು ಕನ್ನಡಿಗೆ ವಾಪಸ್ಸು ಬಂದು ಕೆನ್ನೆ ಎಳೆದುಕೊಂಡು ಕೆರೆಯತೊಡಗಿದ. ಬಂಡೆ ಇಲ್ಲದೆ ಇದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪಕ್ಕದ ಮನೆಯವರೂ ಸೇರಿ ಹದಿಮೂರು ಜನ ವ್ಯಾನಿನಿಂದ ಇಳಿಯುತ್ತಾರೆ, ಉಳಿದ ಹನ್ನೆರಡು ಜನ ಅವನ ಮುಖ ನೋಡುತ್ತಾರೆ. ಅವನು ಆ ಕಡೆ ಒಂದು ಫರ್ಲಾಂಗು, ಈ ಕಡೆ ಒಂದು ಫರ್ಲಾಂಗು ನಡೆದಾಡುತ್ತಾನೆ, ಬಸ್ ಸ್ಟ್ಯಾಂಡಿನಲ್ಲಿ ಪರ್ಸು ಕಳೆದುಕೊಂಡವನ ಹಾಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ಸಮುದ್ರವನ್ನು ಕಂಡ ಕೂಡಲೇ ತನ್ನ ಮುಖ ಏನು ಮಾಡುತ್ತದೋ ಅವನಿಗೇ ಗೊತ್ತಿರಲಿಲ್ಲ. ಎರಡನೆಯ ಸಲ ನೋಡುವವನ ಮುಖ ಹೇಗಿರುತ್ತದೆ? ಒಂದು ವಾರದಿಂದ ಕನ್ನಡಿಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದ. 'ಓ, ಹಂಗೇ ಐತೆ' ಅನ್ನುವ ಮುಖ. ಅದು ಹೆಚ್ಚಾಗಿ ಹಲ್ಲುನೋವಿನ ಮುಖದ ಹಾಗೆ ಬರುತ್ತಿತ್ತು.

ಹತ್ತು ಗಂಟೆಗೆ ಅಣ್ಣಯ್ಯ ಬಂದ, ಜೊತೆಗೆ ಅವನ ತಾಯಿ ಚಿಕ್ಕಗೌರಮ್ಮ. ಅಣ್ಣಯ್ಯ ಪಕ್ಕದ ಮನೆಯವನು, ಕೊಬ್ಬರಿ ಮಂಡಿಯವನು, ವ್ಯಾನು ಅವನದು, ಆದ್ದರಿಂದ ಪ್ರವಾಸವೂ ಒಂದು ಲೆಕ್ಕಕ್ಕೆ ಅವನದೇ. ಶನಿವಾರದ ಹರಾಜು ಮುಗಿಸಿ ಹೊರಡುವುದು, ಬುಧವಾರದ ಹರಾಜಿಗೆ ವಾಪಸ್ಸು ಮುಖ ತೋರಿಸುವುದು. ನಡುವೆ ಸಿಗುವ ಮೂರು ಹಗಲಿನಲ್ಲಿ ಎರಡು ಮನೆಯವರು ಸಮುದ್ರ ನೋಡಬೇಕು. ಊರಿಂದೂರಿಗೆ ಹೋಗುತ್ತ ಒಂದೊಂದು ಕಡೆ ತಂಗುವುದು ಬೇಡ, ಒಂದೇ ಕಡೆ ಬಿಡಾರ ಹೂಡಿ ದಿನಾ ಹೋಗಿಬರುವುದು ಎಂದು ಚಿಕ್ಕಗೌರಮ್ಮನೇ ತೀರ್ಮಾನಿಸಿಬಿಟ್ಟಿದ್ದಳು. ಉಳಿದಿದ್ದು ಯಾವ ಊರು ಅನ್ನುವುದೊಂದೇ. ಅದನ್ನು ಆರಿಸುವ ಕೆಲಸ ಅಲ್ಲಿಗೆ ಹೋಗಿ ಬಂದಿದ್ದ ಮೇಷ್ಟರಿಗೆ ಬಿತ್ತು.

'ದಿನಾ ಗಂಟು ಬಿಚ್ಚಿ ಗಂಟು ಕಟ್ಟಕೆ ನಾನೇನು ಬಳೆ ಮಾರೋಳಾ?' ಎಂದು ಚಿಕ್ಕಗೌರಮ್ಮ ಗೋಡೆಗೆ ಒರಗಿ ಕೂತಳು. 'ನೋಡಪ್ಪ ಮೇಷ್ಟ್ರೆ, ನಂಗೆ ಲಿಂಗಪೂಜೆ ಆಗ್ದೆ ತೊಟ್ಟು ನೀರು ಇಳಿಯಲ್ಲ. ಬಿಸಿನೀರು ಬೇಕು. ಕುರ್ಚಿ ಥರ ಕಾಲು ಇಳಿಬಿಟ್ಟು ಕೂರೋ ಕಕ್ಕಸು ಬೇಕು. ಮೀನಿನ ವಾಸನೆ ಇರಬಾರದು. ಇಷ್ಟಿದ್ರೆ ಯಾವೂರಾದ್ರೂ ಸರಿ, ನಂದೇನು ತಕರಾರಿಲ್ಲ.'

'ಇಷ್ಟೂ ಇರೋ ಊರು ಒಂದೇ ಕಣಜ್ಜಿ, ಕೈಲಾಸ' ಎಂದು ಒಳಗೆ ಬಂದವನು ಮಾಯಣ್ಣ. ಡ್ರಿಲ್ ಮೇಷ್ಟ್ರು, ಹುಳಿಯಾರು ಕಡೆಯ ಹಟ್ಟಿಯವನು, ಅಣ್ಣಯ್ಯನ ಡ್ರೈವರಿಗೆ ಘಟ್ಟ ಎಂದರೆ ಎದೆ ಡವಗುಟ್ಟುವುದರಿಂದ ವ್ಯಾನು ಓಡಿಸಲು ಒಪ್ಪಿಕೊಂಡಿದ್ದ. ಅವನಿಗೆ ಸಂಬಳ ಬೇಡ, ಮೀನು ಬೇಕು ಎಂದು ಕರಾರಾಗಿತ್ತು.

'ನೀನು ತಿನ್ನೋದೇನಿದ್ರೂ ದೂರ ಹೋಗಿ ತಿಂದು, ವ್ಯಾನ್ ಹತ್ತೋಕ್ ಮುಂಚೆ ಬಾಯಿ ತೊಳ್ಕಾ' ಎಂದ ಅಣ್ಣಯ್ಯ.

'ಸ್ಟೇರಿಂಗ್ ಕೈಯಲ್ಲಿ ತಾನೆ ಹಿಡಿಯೋದು, ಬಾಯಲ್ಲೇನಲ್ವಲ್ಲ. ಅದಿರ್ಲಿ, ನೀವು ಒಂದು ಮೂಟೆ ಕಾಯಿ ತಗಂಡೋಯ್ತೀರಂತೆ? ಸಮುದ್ರದ ದಡಕ್ಕೆ ಕಾಯಿ! ಕುರಿ ರೊಪ್ಪಕ್ಕೆ ಹಿಕ್ಕೆ ಹೊತ್ಕೊಂಡು ಹೋದಂಗಾಯ್ತು.'

'ಅವರದು ಕಾಯೇನ್ಲಾ? ಉಪ್ಪುನೀರು ಕುಡಿದು ಬೆಳೆದಿದ್ದು. ಅಟ್ಟದ ಮೇಲೆ ವರ್ಷ ಇಟ್ಟರೂ ಒಳಗೇ ಒಣಗಿ ಗಿಟುಕು ಕೊಬ್ಬರಿ ಆಗಲ್ಲ, ಕೊಳೆತು ನಾರುತ್ತೆ' ಎಂದು ಅಣ್ಣಯ್ಯ ಸಿಟ್ಟಿನಿಂದಲೇ ಹೇಳಿದ. ಅವನು ಕರಾವಳಿಯ ಕಾಯನ್ನು ಒಡೆದು ನೋಡಿದವನಲ್ಲ. ಆದರೆ ತಿಪಟೂರಿನ ಮಂಡಿಯವನಿಗೆ ಆ ಅನುಮಾನ ಹುಟ್ಟಿನಿಂದ ಬಂದಿರುತ್ತದೆ.

ದ್ರಾಕ್ಷಾಯಣಮ್ಮ ಕಾಫಿ ತಂದಳು. ಹೊಸ ಸೀರೆ ಉಟ್ಟಿದ್ದಳು, ಮನೆಯಲ್ಲಿ ಕೂತು ನಕ್ಷೆ ನೋಡುವುದಕ್ಕೆ. ಲೋಟ ಕೊಟ್ಟು ಸೆರಗಿನ ತುದಿಯಿಂದ ಅಂಕೋಲ ತೋರಿಸಿ, ಒಂದೇ ಉಸಿರಿಗೆ ಮೂರು ದಿನದ ಲೆಕ್ಕ ಒಪ್ಪಿಸಿದಳು. ಎಸ್ಸೆಸ್ಸೆಲ್ಸಿ ಓದಿ ನಿಲ್ಲಿಸಿದವಳು. ಮೇಷ್ಟ್ರ ಮುಂದೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೊನೆಯಲ್ಲಿ ಗಂಡನ ಕಡೆ ನೋಡಿದಳು. ಮಗಳು ಸಿಂಧು ಬಾಗಿಲಿಗೆ ಒರಗಿ, ಅಮ್ಮನಿಗೆ ಎಷ್ಟು ಮಾರ್ಕು ಬರುತ್ತದೆಂದು ಕಾಯುತ್ತಿದ್ದಳು. ಲೆಕ್ಕ ಸರಿಯಾಗಿತ್ತು. ಮರುಳಸಿದ್ದಯ್ಯನಿಗೆ ಅದೇ ಕಷ್ಟ. ಅವನು ದಾರದ ಉಂಡೆ ತೆಗೆದುಕೊಂಡು ಎದ್ದು ನಕ್ಷೆಯ ಮೇಲೆ ಅಂಕೋಲದಿಂದ ಕಾರವಾರಕ್ಕೆ ದಾರ ಹಿಡಿದ. ಹೆಬ್ಬೆರಳಿನ ಉಗುರಿನಷ್ಟು ದಾರ. ಸುಮ್ಮನೆ ಎರಡು ಸಲ ಅಳೆದ, ಮೂರನೆಯ ಸಲವೂ ಅಷ್ಟೇ ಬಂತು.

'ಕಾರವಾರದಲ್ಲಿ ಬಂಡೆ ಅಂತಿದ್ರಲ್ಲ, ಅದು ಯಾವ ಕಡೆ ಸಾ?' ಎಂದ ಮಾಯಣ್ಣ. 'ಖೋ ಖೋ ಮ್ಯಾಚಿಗೆ ಹುಡುಗ್ರನ್ನ ಕರ್ಕೊಂಡು ಹೋಗಿದ್ದಾಗ ನಾಲ್ಕು ದಿನ ಇದ್ದೆ. ನಾನು ಓಡಾಡಿದ ಕಡೆ ಬರೀ ಮರಳು ಕಂಡ್ತು.'

'ಆಗ ಇತ್ತು.'

'ಅಂಥ ಬಂಡೆ ಎಲ್ಲೋದೀತು ಸಾ?'

'ರಸ್ತೆ ಅಗಲ ಮಾಡುವಾಗ ಒಡೆದಿರಬೇಕು.'

'ನೀರಿನ ಅಂಚಿಗಿರೋ ಬಂಡೆ ರಸ್ತೆಗೇನು ಅಡ್ಡ ಬತ್ತಿತ್ತು?' ಮಾಯಣ್ಣನ ಮುಖದಲ್ಲಿ ಸಂಶಯವೇನೂ ಇರಲಿಲ್ಲ, ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ, ಅದರಿಂದ ಮರುಳಸಿದ್ದಯ್ಯನಿಗೆ ಇನ್ನೂ ಬೆವರು ಬಂತು. 'ಒಡೆದಿರಲ್ಲ ಬುಡಿ, ಇರುತ್ತೆ' ಎಂದು ದ್ರಾಕ್ಷಾಯಣಮ್ಮ ಬಂಡೆಯ ಪರವಾಗಿ ಹೇಳಿದಳು. 'ಅಷ್ಟು ದೊಡ್ಡದು ಹೆಂಗೆ ಒಡೀತಾರೆ. ಹುಡುಕಿದ್ರೆ ಸಿಗುತ್ತೆ. ಮೂರು ದಿನ ಇರುತ್ತಲ್ಲ.'

ಆ ಮೂರು ದಿನ ಎಂಬುದು ಅವನಿಗೆ ಬೇರೆ ಮೂರು ದಿನವನ್ನು ತಂದಿತು. ಬಿ.ಎಡ್. ಟೂರು. ಕುಮಟೆಯ ಲಾಡ್ಜು, ಮಹಡಿಯ ಕೋಣೆ, ಕಿಟಕಿಯ ಆಚೆ ಪಾಚಿ ಹಿಡಿದ ಗೋಡೆ. ಕೋಣೆಯಿಂದ ಕಕ್ಕಸಿಗೆ ಹದಿನಾಲ್ಕು ಹೆಜ್ಜೆ. ಅಷ್ಟನ್ನು ಅವನು ಎಷ್ಟು ಸಲ ನಡೆದನೋ ಲೆಕ್ಕವಿಲ್ಲ, ಕೆಲವು ಸಲ ಓಡಿದ. ಶಿರಸಿಯಿಂದ ಘಟ್ಟ ಇಳಿಯುವಾಗಲೇ ಹೊಟ್ಟೆ ತಿರುವಿಕೊಂಡಿತ್ತು, ಮೇಲೆ ಆ ರಾತ್ರಿಯ ಊಟದ ಪಲ್ಯ. ಮರುದಿನ ನಲವತ್ತು ಜನ ಗೋಕರ್ಣಕ್ಕೆ ಹೋದರು, ಅದರ ಮರುದಿನ ಕಾರವಾರಕ್ಕೆ. 'ಇವನು ಇಲ್ಲೇ ಸಮುದ್ರ ಮಾಡ್ಕೊಂಡವ್ನೆ ಬಿಡ್ರೋ' ಎಂದು ಬಸ್ಸು ಹತ್ತುವಾಗ ಒಬ್ಬ ಹೇಳಿದ, ಮೂವತ್ತೊಂಬತ್ತು ಜನ ನಕ್ಕರು. ಮಲಗಿಕೊಂಡವನಿಗೆ ದೂರದಿಂದ ಒಂದು ಸದ್ದು ಕೇಳುತ್ತಿತ್ತು: ಭೋರ್ ಎಂದು ಏರುವುದು, ನಿಲ್ಲುವುದು, ಮತ್ತೆ ಏರುವುದು. ಅದು ಸಮುದ್ರದ್ದೇ ಎಂದು ಎರಡು ದಿನ ಭಕ್ತಿಯಿಂದ ಕೇಳಿದ. ಮೂರನೆಯ ದಿನ ಬಸ್ಸು ಹತ್ತಲು ಹೋಗುವಾಗ ಗೊತ್ತಾಯಿತು, ಲಾಡ್ಜಿನ ಹಿಂದಿನ ಬೀದಿಯಲ್ಲಿ ಅಕ್ಕಿ ಗಿರಣಿ. ಹತ್ತೊಂಬತ್ತು ವರ್ಷದಿಂದ ತಿಪಟೂರಿನ ಮಕ್ಕಳಿಗೆ ಸಮುದ್ರದ ಸದ್ದು ಎಂದು ಅವನು ಬಾಯಲ್ಲಿ ಮಾಡಿ ತೋರಿಸುತ್ತಿರುವುದು ಆ ಗಿರಣಿಯದು. ಅದೇ ಕೋಣೆಯಿಂದ ಒಂದು ಮೈಲಿ ಎದ್ದು ಹೋಗಿದ್ದರೆ, ಯಾರನ್ನಾದರೂ ಕೇಳಿದ್ದರೆ, ಸಮುದ್ರ ಕಂಡೇ ಕಾಣುತ್ತಿತ್ತೇನೋ. ಅವನು ಕೇಳಿದ್ದು ಮಾತ್ರೆ ಅಂಗಡಿ ಎಲ್ಲಿ ಎಂದು.

'ಹೊನ್ನಾವರ ಮಾಡಿ' ಎಂದ. ಗಂಟಲು ಸರಿಮಾಡಿಕೊಂಡು ಭೂಗೋಳದ ದನಿಯಲ್ಲಿ ಮತ್ತೆ ಹೇಳಿದ, 'ಹೊನ್ನಾವರ ಒಳ್ಳೆ ಸೆಂಟರು. ಶರಾವತಿ ಸಮುದ್ರ ಸೇರೋ ಜಾಗ. ಮುರ್ಡೇಶ್ವರ ಹತ್ತಿರ. ಅಲ್ಲಿಂದ ಕಾರವಾರ ಮಾತ್ರ ಬಹಳ ದೂರ ಆಗುತ್ತೆ, ಒಂದೇ ದಿನದಲ್ಲಿ ಹೋಗಿಬರೋಕಾಗಲ್ಲ. ಅದನ್ನ ಕೈಬಿಡಬೇಕಾಗುತ್ತೆ.' ಟಿಕ್ಲಿಯನ್ನು ಅಂಕೋಲದಿಂದ ಕಿತ್ತು ಹೊನ್ನಾವರಕ್ಕೆ ಅಂಟಿಸಿದ. ಹೆಂಡತಿಯ ಹಣೆಯದನ್ನು ಕಿತ್ತ ಹಾಗೆ ಒಂದು ಕ್ಷಣ ಅನ್ನಿಸಿತು.

'ಯಾರು ಹೇಳಿದ್ದು ಆಗಲ್ಲ ಅಂತ?' ಎಂದ ಮಾಯಣ್ಣ. 'ಬೆಳಗಾಗೆದ್ದು ಆರಕ್ಕೆ ಬಿಟ್ರೆ ಒಂಬತ್ತಕ್ಕೆ ಮುಂಚೆ ಕಾರವಾರದಲ್ಲಿರ್ತೀವಿ. ನನ್ನ ಕೈಗೆ ಗಾಡಿ ಕೊಡಿ ನೋಡಿ.'

ದ್ರಾಕ್ಷಾಯಣಮ್ಮನ ಮುಖ ಅರಳಿತು. 'ಹಂಗಾದ್ರೆ ಹೊನ್ನಾವರಾನೇ ಆಗ್ಲಿ.'

ಈ ಮಾಯಣ್ಣನ ಮೇಲೆ ಅವನಿಗೆ ಬಂದ ಸಿಟ್ಟಿಗೆ ಕಾರಣ ಯಾರಿಗೂ ಹೇಳುವಂತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾಯಣ್ಣ ಯಾವತ್ತೂ ತನ್ನ ಸಮುದ್ರದ ಬಗ್ಗೆ ಬಾಯಿ ಬಿಟ್ಟವನಲ್ಲ. ನಾಲ್ಕು ದಿನ ನೋಡಿ ಬಂದು, ಮೀನು ಚೆನ್ನಾಗಿತ್ತು ಎಂದಷ್ಟೇ ಹೇಳಿದ್ದ. ನೋಡಿದವರು ಹೀಗೇ, ಜಿಪುಣರು. ಇನ್ನು ಹೊನ್ನಾವರದಿಂದಲೂ ಕಾರವಾರ ಸಿಗುತ್ತದೆ ಎಂದಾದರೆ ಬಿಡಾರವನ್ನು ಘಟ್ಟದ ಮೇಲೆಯೇ ಹತ್ತಿಸಬೇಕು. ಅದಕ್ಕೆ ಒಂದೇ ದಾರಿಯಿತ್ತು, ಅದು ಅವನಿಗೆ ಕುಮಟೆಯ ಆ ಪಲ್ಯದ ವಾಸನೆಯ ಜೊತೆಗೇ ನೆನಪಾಯಿತು. ಕಾಫಿಯ ಲೋಟ ಕೆಳಗಿಟ್ಟು, ಬಹಳ ಬೇಸರದಿಂದ ಹೇಳಲೇಬೇಕಾಗಿ ಬಂದವನಂತೆ ಹೇಳಿದ.

'ಊಟದ ವಿಷಯ ಒಂದು ಹೇಳಿಬಿಡ್ತೀನಿ. ಆಮೇಲೆ ನನ್ನ ಬೈಬಾರದು. ಅಲ್ಲಿ ಎಲ್ಲಾ ಅಡುಗೆ ಕೊಬ್ಬರಿ ಎಣ್ಣೇಲಿ ಮಾಡೋದು.'

ತಿಪಟೂರು ಸೀಮೆಯಲ್ಲಿ ಹುಟ್ಟುವ ಮಗು ತೆಂಗಿನ ಗರಿಯ ನೆರಳಿನಲ್ಲಿ ಕಣ್ಣು ಬಿಡುತ್ತದೆ. ಮದುವೆ ಮುಂಜಿ ಮನೆ ಮಹಡಿ ಎಲ್ಲಾ ಕೊಬ್ಬರಿಯಿಂದ. ಚಟ್ನಿಗೆ ಕಾಯಿ, ಸಾರಿಗೆ ಕಾಯಿ, ಬೆಲ್ಲದ ಜೊತೆ ಕೊಬ್ಬರಿ. ಆದರೆ ಕೊಬ್ಬರಿ ಎಣ್ಣೆ ತಲೆಗೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಇಲ್ಲವೆ ಹುಚ್ಚೆಳ್ಳೆಣ್ಣೆ. ಅದು ಯಾಕೆ ಹೀಗೆ ಎಂದು ಯಾರೂ ಕೇಳಿಕೊಂಡಿಲ್ಲ. ಕೇಳಿದರೆ ತಲೆಗೆ ಹಚ್ಚುವುದನ್ನು ಬಾಯಿಗೆ ಹಾಕುತ್ತಾರೇನು ಎಂದು ತಿರುಗಿ ಕೇಳುತ್ತಾರೆ.

'ಪಲ್ಯಕ್ಕೂ?' ಎಂದ ಅಣ್ಣಯ್ಯ.

'ಪಲ್ಯಕ್ಕೂ, ಸಾರಿಗೂ. ದೋಸೆಗೂ ಅದೇ.'

'ಅದ್ರಲ್ಲಿ ಮೀನು ಕರಿದ್ರೆ ಇರುತ್ತೆ ನೋಡಿ ಸಾ ಘಮಲು—' ಎಂದು ಮಾಯಣ್ಣ ಶುರು ಮಾಡಿದ. ಅಲ್ಲಿಗೆ ಚಿಕ್ಕಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. 'ತಲೆಕೂದಲು ಬಾಯಿಗೆ ಬಂದಂಗಾಗ್ತೈತೆ ಕಣಪ್ಪ. ನಾನು ಬರಲ್ಲ. ಮೂರು ದಿನ ಬಾಳೆಹಣ್ಣು ತಿಂದ್ಕೊಂಡು ಇರಕಾಗುತ್ತಾ ಈ ವಯಸ್ನಲ್ಲಿ?'

ಮೂಟೆ ಕಾಯಿ ಹೊತ್ತುಕೊಂಡು ಹೋಗಲು ತಯಾರಾಗಿದ್ದ ಮನೆಯವರು ಒಂದು ಸೌಟು ಕೊಬ್ಬರಿ ಎಣ್ಣೆಗೆ ಹೆದರಿ ಕೂತದ್ದನ್ನು ನೋಡಿ ಸಿಂಧುವಿಗೆ ನಗು ತಡೆಯಲಿಲ್ಲ. ಮರುಳಸಿದ್ದಯ್ಯನಿಗೂ ಒಳಗೊಳಗೇ ಹಗುರವಾಯಿತು. ಆಗ ದ್ರಾಕ್ಷಾಯಣಮ್ಮ ಹೇಳಿದಳು:

'ಎಣ್ಣೆ ವಿಚಾರ ನಂಗೆ ಬುಡಿ ಚಿಕ್ಕಗೌರಮ್ಮನೋರೆ. ನಮ್ಮನೆ ಸೀಮೆಎಣ್ಣೆ ಸ್ಟವ್ ಐತೆ. ರಾಗಿಹಿಟ್ಟು, ಬೇಳೆ, ಖಾರದಪುಡಿ, ಒಂದು ಡಬ್ಬ ಕಡ್ಲೆಕಾಯಿ ಎಣ್ಣೆ ತಗೊಂಡು ಹೋದ್ರಾಯ್ತು. ಮೂರು ದಿನಾನೂ ಹದಿಮೂರು ಜನಕ್ಕೂ ನಾನೇ ಬೇಯಿಸಿ ಹಾಕ್ತೀನಿ. ನೀವು ಪೂಜೆ ಮುಗಿಸೋ ಹೊತ್ಗೆ ಮುದ್ದೆ ತಯಾರಿರುತ್ತೆ.'

ಎಲ್ಲರೂ ಅವಳ ಕಡೆ ನೋಡಿದರು. ಹದಿಮೂರು ಜನಕ್ಕೆ, ಸ್ಟವ್ ಮೇಲೆ, ಮೂರು ದಿನ. ಅಂದರೆ ಅವಳು ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ಎಲ್ಲರೂ ಉಂಡ ಮೇಲೆ ಪಾತ್ರೆ ಬೆಳಗಿ ಕೊನೆಯಲ್ಲಿ ವ್ಯಾನು ಹತ್ತಬೇಕು. ಅದನ್ನೆಲ್ಲ ಯೋಚಿಸಿಯೇ ಹೇಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಚಿಕ್ಕಗೌರಮ್ಮ ಸೆರಗು ಬಾಯಿಂದ ತೆಗೆದಳು. 'ನೀನು ಮಾಡೋದಾದ್ರೆ ಬೇರೆ ಮಾತು ಕಣವ್ವ' ಎಂದಳು. ಅಣ್ಣಯ್ಯ ತಲೆಯಾಡಿಸಿದ. ಇಷ್ಟಕ್ಕೆ ಎಲ್ಲಾ ಸರಿಹೋಗಿತ್ತು. ಮರುಳಸಿದ್ದಯ್ಯ ಸುಮ್ಮನೆ ಕೂತಿದ್ದರೆ ಸಾಕಿತ್ತು. ಸುಮ್ಮನೆ ಕೂರುವುದು ಅವನಿಗೆ ಕಷ್ಟದ ಕೆಲಸವೇನಲ್ಲ, ಹೆಡ್ಮಾಸ್ಟರ ಎದುರು ಅವನು ಅದನ್ನು ದಿನವಿಡೀ ಮಾಡಬಲ್ಲ.

'ಲಾಡ್ಜಲ್ಲಿ ಸ್ಟವ್ ಹಚ್ಚೋಕೆ ಬಿಡಲ್ಲ' ಎಂದ.

'ಕೇಳ್ಕೊಂಡ್ರೆ?'

'ಬಿಡಲ್ಲ ಕಣೇ. ನಾನು ಇದ್ದು ಬಂದೋನು ಹೇಳ್ತಿಲ್ವಾ? ಬೋರ್ಡೇ ಹಾಕಿರ್ತಾರೆ. ಪೊಲೀಸ್ಗೆ ಕೊಡ್ತಾರೆ.'

ಬೋರ್ಡು, ಪೊಲೀಸು ಎರಡೂ ಆ ಕ್ಷಣದಲ್ಲಿ ಹುಟ್ಟಿದವು, ಹಿಂದೆ ಬಂಡೆ ಹುಟ್ಟಿದ ಹಾಗೆ, ಅಷ್ಟೇ ಸಲೀಸಾಗಿ. ಇದ್ದು ಬಂದವರ ಎದುರು ವಾದಿಸುವುದು ಹೇಗೆ? ದ್ರಾಕ್ಷಾಯಣಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದಳು. ನನ್ನ ಸುಳ್ಳಿನಲ್ಲಿ ಅತಿ ಸಣ್ಣದು ಇದೇ, ಅತಿ ಹೊಲಸು ಇದೇ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಬಗ್ಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯವೂ ಬಂತು.

ಆಮೇಲೆ ಅವನು ಏನೂ ಮಾಡಬೇಕಾಗಿರಲಿಲ್ಲ. ಬಿಡಾರ ತಾನಾಗಿಯೇ ಹೊರಟಿತು. ಘಟ್ಟದ ಮೇಲೆ ಶಿರಸಿಯಲ್ಲಿರೋಣ ಎಂದ ಅಣ್ಣಯ್ಯ. ಅಲ್ಲೂ ಅದೇ ಎಣ್ಣೆಯೇನೋ ಎಂದು ಅವನ ತಾಯಿ ಅನುಮಾನಿಸಿದಳು. ಸಾಗರವಾದರೆ ಛತ್ರ ಇದೆ, ಮುದ್ದೆ ಸಿಗುತ್ತದೆ, ಅಲ್ಲಿಂದ ಒಂದು ದಿನ ಕೆಳಗಿಳಿದು ಸಮುದ್ರ ನೋಡಿ ಬರಬಹುದು ಎಂದಾಯಿತು. ಟಿಕ್ಲಿ ಘಟ್ಟ ಹತ್ತಿ ಸಾಗರಕ್ಕೆ ಬಂತು. 'ಹೆಸರೇ ಸಾಗರ, ಇನ್ನೇನು ನೋಡಬೇಕಜ್ಜಿ?' ಎಂದ ಮಾಯಣ್ಣ, ಮೀನು ಕೈತಪ್ಪಿ ಹೋಗುತ್ತಿದ್ದ ಹೊಟ್ಟೆಕಿಚ್ಚಿನಲ್ಲಿ. ಚಿಕ್ಕಗೌರಮ್ಮ ಘಟ್ಟದ ತಿರುವು ಎಷ್ಟು ಎಂದು ಕೇಳಿದಳು. ಮಾಯಣ್ಣ ಬೇಕೆಂದೇ ಕೈಯನ್ನು ಹಾವಿನ ಹಾಗೆ ಹೊರಳಿಸಿ ತೋರಿಸಿದ. ಅವಳಿಗೆ ಕೂತಲ್ಲೇ ವಾಂತಿ ಬಂದ ಹಾಗಾಯಿತು. ಹಾಗಾದರೆ ಶಿವಮೊಗ್ಗ, ಅಲ್ಲಿ ಅಣ್ಣಯ್ಯನಿಗೆ ಪರಿಚಯದ ಮಂಡಿಯವರ ಮನೆಯಿದೆ, ಮಹಡಿ ಬಿಟ್ಟುಕೊಡುತ್ತಾರೆ, ಕಾಲು ಇಳಿಬಿಟ್ಟು ಕೂರುವ ಕಕ್ಕಸೂ ಇದೆ. ಶಿವಮೊಗ್ಗದಿಂದ ಸಮುದ್ರಕ್ಕೆ ಮರುಳಸಿದ್ದ‌ಯ್ಯ ದಾರ ಹಿಡಿದ. ದಾರ ನಡುಬೆರಳುದ್ದ ಬಂತು. 'ಹೋಗಿ ಮುಖ ತೊಳ್ಕೊಂಡು ಬರೋ ಹೊತ್ಗೆ ದಿನ ಮುಗೀತದೆ' ಎಂದು ಅಣ್ಣಯ್ಯ ಹುಬ್ಬು ಗಂಟಿಕ್ಕಿದ.

ಸಿಂಧುವಿಗೆ ರೇಗಿತು. 'ಅಷ್ಟು ಕಷ್ಟ ಯಾಕೆ ಮಾವ? ತಿಪಟೂರಲ್ಲೇ ಬಿಡಾರ ಮಾಡಿ. ನಮ್ಮನೇಲಿ ಸ್ಟವ್ ಐತೆ, ನಿಮ್ಮನೇಲಿ ಕಕ್ಕಸು ಐತೆ. ಇಲ್ಲಿಂದಲೇ ದಿನಾ ಎಲ್ಲಿಗಾದ್ರೂ ಹೋಗಿಬರೋಣ.'

ಅವಳು ಹೀಯಾಳಿಸಲು ಹೇಳಿದ್ದು. ಆದರೆ ಅಣ್ಣಯ್ಯ ಬೆರಳಿನಿಂದ ಮೊಣಕಾಲು ತಟ್ಟಿಕೊಳ್ಳುತ್ತ ಒಂದು ನಿಮಿಷ ಯೋಚಿಸಿದ. 'ಹುಡುಗಿ ಹೇಳೋದ್ರಲ್ಲಿ ಅರ್ಥ ಐತೆ ಕಣ್ರೀ ಮೇಷ್ಟ್ರೇ' ಎಂದ. 'ಬೋರನಕಣಿವೆ ಡ್ಯಾಮು ಎಷ್ಟು ದೂರ? ಬುತ್ತಿ ಕಟ್ಕೊಂಡು ಹೋಗಿ ಸಂಜೆಗೆ ಮನೇಲಿರಬಹುದು. ಅದೂ ನೀರೇ ತಾನೆ?'

'ಅದು ನಮ್ಮ ಹಟ್ಟಿ ಪಕ್ಕ ಕಣ್ಸಾ!' ಎಂದು ಮಾಯಣ್ಣ ಕೂಗಿಕೊಂಡ. 'ಹುಟ್ಟಿದಾಗಿಂದ ಅದ್ರಲ್ಲಿ ಕುರಿ ಮೈ ತೊಳೆದಿದೀನಿ. ಅದನ್ನ ನೋಡಕೆ ನಾನು ಡ್ರೈವರಾಗಿ ಬರ್ಬೇಕಾ?'

'ನೀನು ನೋಡಬೇಡ, ಗಾಡಿ ಓಡಿಸು ಸಾಕು.'

ಮರುಳಸಿದ್ದಯ್ಯ ಟಿಕ್ಲಿಯನ್ನು ಶಿವಮೊಗ್ಗದಿಂದ ಕಿತ್ತು ತಿಪಟೂರಿನ ಮೇಲೆ ಒತ್ತಿದ. ಅಷ್ಟು ಊರು ತಿರುಗಿ ಅದರ ಅಂಟು ಹೋಗಿತ್ತು. ನಿಲ್ಲಲಿಲ್ಲ, ಉದುರಿ ಎಲ್ಲೋ ಬಿತ್ತು. ಮುಂದಿನ ಭಾನುವಾರ ಬೋರನಕಣಿವೆ ಎಂದು ನಿಶ್ಚಯವಾಗಿ ಅವರೆಲ್ಲ ಎದ್ದು ಹೋಗುವಾಗ ಹನ್ನೆರಡೂವರೆ. ಮಾಯಣ್ಣ ಬಾಗಿಲಲ್ಲಿ ನಿಂತು, 'ಒಂದು ಮಾತು ಸಾ, ನೀವಾದ್ರೂ ಗಟ್ಟಿಯಾಗಿ ನಿಂತ್ಕೋಬೇಕಿತ್ತು. ಪಾಪ ಅಕ್ಕೋರು ಆಸೆ ಇಟ್ಕೊಂಡಿದ್ರು' ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುಳಸಿದ್ದಯ್ಯ ಗೆದ್ದಿದ್ದ. ಗೆದ್ದವನು ಒಂಟಿಯಾಗಿ ನಡುಮನೆಯಲ್ಲಿ ನಕ್ಷೆ ಸುತ್ತುತ್ತ ಕೂತಿದ್ದ, ಅಡುಗೆಮನೆಯಲ್ಲಿ ಮುದ್ದೆಯ ಕೋಲು ಪಾತ್ರೆಗೆ ಬಡಿಯುತ್ತಿತ್ತು. ಇವತ್ತು ಆ ಬಡಿತ ಯಾವಾಗಿನಂತೆಯೇ ಇತ್ತು, ಜೋರೂ ಇಲ್ಲ, ನಿಧಾನವೂ ಇಲ್ಲ. ಅವಳು ಪಾತ್ರೆ ಎಸೆದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಅವನೂ ಎರಡು ಮಾತು ಕೂಗಿ, ಸಂಜೆಗೆ ಎಲ್ಲಾ ಸರಿಯಾಗುತ್ತಿತ್ತು. ಅವಳು ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಸೊಪ್ಪಿನ ಸಾರು ಬಿಟ್ಟಳು, ಎದುರಿಗೆ ಗೋಡೆಗೆ ಒರಗಿ ಕೂತಳು. ಸಿಂಧು ಪಕ್ಕದಲ್ಲಿ ಉಣ್ಣುತ್ತಿದ್ದಳು.

'ಹೋಗ್ಲಿ ಬುಡಿ' ಎಂದಳು ದ್ರಾಕ್ಷಾಯಣಮ್ಮ. 'ಎಲ್ಲಾರ್ಗೂ ಎಲ್ಲಾ ಸಿಗಲ್ಲ. ಮನೇಲಿ ಒಬ್ಬರಾದ್ರೂ ನೋಡಿದೀರಲ್ಲ. ನೀವು ಹೇಳಿ ಹೇಳಿ ನನಗೂ ಒಂಥರಾ ನೋಡಿದಂಗೇ ಆಗೈತೆ.'

ಮುರಿದ ಮುದ್ದೆಯನ್ನು ಅವನು ತಟ್ಟೆಗೇ ಇಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನೀರು ಕುಡಿದ. ಕುಡಿದು ಲೋಟ ಇಡುವಾಗ ಏನು ಹೇಳಲಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಕೈ ತೊಳೆಯುವ ಮೊದಲೇ ಹೇಳಿಬಿಡಬೇಕು ಎಂದು ಮಾತ್ರ ಗೊತ್ತಿತ್ತು.

'ನಾನೂ ನೋಡಿಲ್ಲ ಕಣೇ.'

'ಏನು?'

'ಸಮುದ್ರ. ನಾನು ನೋಡೇ ಇಲ್ಲ. ಕುಮಟದ ಲಾಡ್ಜಲ್ಲಿ ಭೇದಿ ಹತ್ಕೊಂಡು ಮೂರು ದಿನ ಮಲಗಿದ್ದೆ. ಕಾರವಾರಕ್ಕೆ ಹೋಗಿದ್ದು ಬೇರೆಯೋರು. ಬಂಡೆ ಗಿಂಡೆ ಎಂಥದೂ ಇಲ್ಲ.'

ದ್ರಾಕ್ಷಾಯಣಮ್ಮ ಅವನನ್ನೇ ನೋಡಿದಳು. ಅವನು ಕಾದ. ಹತ್ತೊಂಬತ್ತು ವರ್ಷ ಹೆದರಿದ್ದು ಇನ್ನೇನು ಬಂದೇ ಬರುತ್ತದೆ ಎಂದು ಕಾಯುವಾಗ ಅವನಿಗೆ ಒಂದು ರೀತಿಯ ಸಮಾಧಾನವೂ ಇತ್ತು, ಸಾಲಿನಲ್ಲಿ ನಿಂತು ನಿಂತು ಕೊನೆಗೆ ಸೂಜಿ ಚುಚ್ಚುವ ನರ್ಸಿನ ಎದುರಿಗೆ ಬಂದ ಹಾಗೆ. ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡಳು.

'ನನ್ನ ಸಮಾಧಾನಕ್ಕೆ ಅಂತ ಇಷ್ಟು ದೊಡ್ಡ ಸುಳ್ಳು ಹೇಳ್ತಾರೇನ್ರೀ?'

'ಸುಳ್ಳಲ್ಲ ಕಣೇ. ಲಿಂಗದ ಆಣೆ.'

'ಆಣೆ ಇಡಬೇಡಿ, ಹಂಗೆಲ್ಲ!' ಎಂದು ಗದರಿದಳು. 'ನಂಗೇನು ಗೊತ್ತಾಗಲ್ವಾ? ನಿಮಗೆ ಸುಳ್ಳು ಹೇಳಕೆ ಬರಲ್ಲ. ಮುಖ ನೋಡಿ, ಬೆವರಿಹೋಗೈತೆ. ನೋಡಿದೇನೇ ಸಿಂಧು ನಿಮ್ಮಪ್ಪನ್ನ? ನಂಗೆ ಸಿಗದೆ ಹೋಗಿದ್ದು ಅವರಿಗೂ ಸಿಕ್ಕಿಲ್ಲ ಅಂತ ಹೇಳ್ಕೊಂಡು...' ಎದ್ದು ತುಪ್ಪದ ಬಟ್ಟಲು ತಂದು, ಹಬ್ಬದ ದಿನವೂ ಹಾಕದಷ್ಟು ತುಪ್ಪ ಅವನ ಮುದ್ದೆಯ ಮೇಲೆ ಸುರಿದಳು.

'ಭೇದಿ ಮಾತ್ರ ಚೆನ್ನಾಗಿತ್ತಪ್ಪ, ಎಲ್ಲಿಂದ ತಂದೆ?' ಎಂದಳು ಸಿಂಧು.

ಇನ್ನೊಂದು ಸಲ ಹೇಳಬೇಕಿತ್ತು. ಟೂರಿಗೆ ಬಂದಿದ್ದವರ ಹೆಸರು ಹೇಳಬಹುದಿತ್ತು. ಇಬ್ಬರು ಚಿಕ್ಕನಾಯಕನಹಳ್ಳಿಯಲ್ಲಿಯೇ ಮೇಷ್ಟರಾಗಿದ್ದಾರೆ, ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ ಅವರ ಬಾಯಿಂದಲೇ ಹೇಳಿಸಬಹುದಿತ್ತು. ಅವನು ಬಾಯಿ ತೆರೆದ. ದ್ರಾಕ್ಷಾಯಣಮ್ಮ ಎದುರಿಗೆ ಕೂತು, ಮೊಣಕಾಲಿನ ಮೇಲೆ ಗಲ್ಲ ಇಟ್ಟುಕೊಂಡು, ಅವನು ಉಣ್ಣುವುದನ್ನೇ ನೋಡುತ್ತಿದ್ದಳು. ತುಪ್ಪ ತಟ್ಟೆಯ ಅಂಚಿಗೆ ಹರಿಯುತ್ತಿತ್ತು. ಅವನು ಮುದ್ದೆ ಮುರಿದು, ಅದ್ದಿ, ನುಂಗಿದ. ಹಸಿವು ಚೆನ್ನಾಗಿಯೇ ಇತ್ತು. ಇನ್ನರ್ಧ ಮುದ್ದೆ ಹಾಕಿಸಿಕೊಂಡ.

ಅಟ್ಟದ ಕಾಯಿ ಇಳಿಸುವ ಕೆಲಸ ಬಂತೆಂದು ಅಣ್ಣಯ್ಯ ಮುಂದಿನ ಭಾನುವಾರ ವ್ಯಾನು ಕೊಡಲಿಲ್ಲ, ಆದ್ದರಿಂದ ಅವರು ಬೋರನಕಣಿವೆಗೂ ಹೋಗಲಿಲ್ಲ. ಜೂನ್ ಒಂದಕ್ಕೆ ಸ್ಕೂಲು ಶುರುವಾಯಿತು. ಗೋಕರ್ಣ, ಕುಮಟೆ, ಹೊನ್ನಾವರ, ಅಂಕೋಲ, ಕಾರವಾರ: ದ್ರಾಕ್ಷಾಯಣಮ್ಮನಿಗೆ ತಪ್ಪಿಹೋದದ್ದು ಐದು ಊರು, ಮೂರು ಹಗಲು.